ನನ್ನಿಂದ ಮುಚ್ಚಿಟ್ಟ ಜ್ವರ

ಮೊದಲು ತಲೆನೋವು ಅಂದಳು. ವಿಡಿಯೋ ಕಾಲ್‌ನಲ್ಲಿ ಮುಖ ಸೊರಗಿತ್ತು. ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದಳು. ಬೆಳಕು ಕಣ್ಣಿಗೆ ಚುಚ್ಚುತ್ತದೆ ಎಂದಳು.

"ಜ್ವರ ಎಷ್ಟೈತಿ ನೋಡವ್ವ."

"ಇಲ್ಲಿ ಎಲ್ಲಾರಿಗೂ ಹಿಂಗ ಆಗೈತಿ ಮಮ್ಮಿ. ಡಾಕ್ಟರ್ ವೈರಲ್ ಅಂದಾರ. ಗುಳಿಗಿ ತಗೊಂಡೀನಿ. ನೀ ಸುಮ್ಕಿರು."

ಮೇಘಾ ನಮಗೆ ಒಬ್ಬಳೇ ಮಗಳು. ಜರ್ಮನಿಯ ಒಂದು ಸಣ್ಣ ಊರಿನಲ್ಲಿ ಮಣ್ಣಿನ ವಿಷಯದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ನಾವು ವಿಜಯಪುರದ ಕಡೆಯವರು. ಮದುವೆಯಾದಾಗಿನಿಂದ ಹೈದರಾಬಾದಿನಲ್ಲೇ ಇದ್ದೇನೆ, ನಾರಾಯಣಗೂಡದ ಅದೇ ಮನೆಯಲ್ಲಿ. ನನಗೆ ಬಿ.ಪಿ. ಇದೆ, ಶುಗರ್ ಇದೆ. ಈ ಎರಡನ್ನು ಮುಂದಿಟ್ಟುಕೊಂಡೇ ಮನೆಯವರು ನನ್ನಿಂದ ಎಲ್ಲವನ್ನೂ ಮುಚ್ಚಿಟ್ಟರು.

ಮರುದಿನ ಮೇಘಾ ಫೋನ್ ಎತ್ತಲಿಲ್ಲ. ಅವಳ ರೂಮ್‌ಮೇಟ್ ಲಾವಣ್ಯ, ವಾರಂಗಲ್ ಹುಡುಗಿ, ನನ್ನ ಗಂಡನಿಗೆ ಫೋನ್ ಮಾಡಿದಳು. ಅವರು ಫೋನ್ ಹಿಡಿದು ಬಾಲ್ಕನಿಗೆ ಹೋದರು. ಸ್ವಲ್ಪ ಹೊತ್ತಿಗೆ ಕೊಂಡಾಪುರದಿಂದ ನನ್ನ ಮೈದುನ ಬಸವರಾಜ ಬಂದ. ಅಣ್ಣ ತಮ್ಮ ಇಬ್ಬರೂ ಬಾಗಿಲು ಹಾಕಿಕೊಂಡು ತೆಲುಗಿನಲ್ಲಿ ಮಾತಾಡಿದರು. ಇಷ್ಟು ವರ್ಷ ಈ ಊರಿನಲ್ಲಿ ತೆಲುಗಿನಲ್ಲೇ ಚೌಕಾಸಿ ಮಾಡಿ ತರಕಾರಿ ತಂದವಳು ನಾನು. ಮೇಲಾಗಿ, ಐ.ಸಿ.ಯು. ಎನ್ನುವುದಕ್ಕೆ ಯಾವ ಭಾಷೆ ಬೇಕು?

"ಏನಾಗೈತ್ರಿ?"

"ಏನಿಲ್ಲ. ಅಡ್ಮಿಟ್ ಮಾಡ್ಯಾರ, ಸಲಾಯಿನ್ ಹಚ್ಯಾರ. ನೀ ನಿನ್ನ ಬಿ.ಪಿ. ಗುಳಿಗಿ ತಗೊಂಡಿಯೇನು?"

ಮಗಳ ಬಗ್ಗೆ ಕೇಳಿದರೆ ನನ್ನ ಗುಳಿಗೆಯ ಮಾತು.

ಅಲ್ಲಿಂದ ಮುಂದೆ ನನ್ನ ತೋಳಿಗೆ ಬಿ.ಪಿ. ಯಂತ್ರದ ಪಟ್ಟಿ ಸುತ್ತುವುದೇ ಎಲ್ಲರ ಕೆಲಸವಾಯಿತು. ಬಸವರಾಜನ ಹೆಂಡತಿ, ನನ್ನ ನೆಗೆಣ್ಣಿ, ಅಡುಗೆಮನೆ ಹಿಡಿದಳು. ನನಗೆ ಅನ್ನಕ್ಕೆ ಇಡಲೂ ಬಿಡಲಿಲ್ಲ. ಎದುರು ಮನೆಯವರು ಇಡ್ಲಿ ತಂದುಕೊಟ್ಟು, ನನ್ನ ಕೈ ಒತ್ತಿ, ಕಣ್ಣು ಒರೆಸಿಕೊಂಡು, "ಎಲ್ಲ ಸರಿಹೋಗುತ್ತೆ" ಎಂದರು. ಲಿಫ್ಟಿನಲ್ಲಿ ನನ್ನನ್ನು ಕಂಡವರು ಮಾತು ನಿಲ್ಲಿಸಿದರು. ಇಡೀ ಬಿಲ್ಡಿಂಗಿಗೆ ಗೊತ್ತಿತ್ತು. ಹೆತ್ತವಳಿಗೆ ಮಾತ್ರ ಸಲಾಯಿನ್ ಕಥೆ. ನನಗೆ ಅಳು ಬರಲಿಲ್ಲ, ಮೈ ಉರಿಯುತ್ತಿತ್ತು.

ವೀಸಾ ಕೆಲಸಕ್ಕೆಂದು ಗಂಡ, ಮೈದುನ ಇಬ್ಬರೂ ಹೊರಗೆ ಹೋಗಿದ್ದ ಮಧ್ಯಾಹ್ನ ನನ್ನ ಫೋನ್ ರಿಂಗಾಯಿತು. ಲಾವಣ್ಯ. ಅಂಕಲ್ ಫೋನ್ ಸಿಗುತ್ತಿಲ್ಲ ಎಂದಳು. ನನಗೆ ಎಲ್ಲ ಗೊತ್ತಿದೆ ಎಂದೇ ತಿಳಿದು, ಫೋನನ್ನು ಅಲ್ಲಿದ್ದ ಡಾಕ್ಟರಿಗೆ ಕೊಟ್ಟಳು.

ಆ ಡಾಕ್ಟರಮ್ಮ ನಿಧಾನವಾಗಿ, ನನಗೆ ತಿಳಿಯುವಂಥ ಇಂಗ್ಲಿಷ್‌ನಲ್ಲಿ ಹೇಳಿದರು. ಬ್ಯಾಕ್ಟೀರಿಯಲ್ ಮೆನಿಂಜೈಟಿಸ್. ಆಸ್ಪತ್ರೆಗೆ ಬಂದಾಗಲೇ ಕುತ್ತಿಗೆ ಸೆಟೆದು ತಿರುಗುತ್ತಿರಲಿಲ್ಲ. ಮಿದುಳು ಬಾತಿದೆ. ಉಸಿರಾಟ ವೆಂಟಿಲೇಟರ್‌ನಿಂದ. ಮಿದುಳು ಕೆಲಸ ಮಾಡುತ್ತಿಲ್ಲ ಎಂದು ಟೆಸ್ಟುಗಳಲ್ಲಿ ಖಚಿತವಾಗಿದೆ.

ನನ್ನ ಇಂಗ್ಲಿಷ್ ಹರಕು. ಆದರೂ ಕೇಳಿದೆ. "ಶೀ ವಿಲ್ ಕಮ್ ಬ್ಯಾಕ್?"

"ನೋ."

ಅಷ್ಟು ಜನರ ನಡುವೆ ನನಗೆ ನೇರವಾಗಿ ಉತ್ತರ ಕೊಟ್ಟವರು ಅವರೊಬ್ಬರೇ.

"ನೌ ಪೇನ್?"

"ನೋ ಪೇನ್ ನೌ. ಐ ಪ್ರಾಮಿಸ್."

ಫೋನನ್ನು ಅವಳ ಕಿವಿಯ ಹತ್ತಿರ ಹಿಡಿ ಎಂದು ಲಾವಣ್ಯಳಿಗೆ ಹೇಳಿದೆ. ಅಂಥ ಹೊತ್ತಿನಲ್ಲಿ ತಾಯಂದಿರು ಏನೇನು ಹೇಳುತ್ತಾರೋ ಗೊತ್ತಿಲ್ಲ. ನಾನು ಬೈದೆ. "ಕುತ್ತಿಗಿ ಹೊಳ್ಳಸಾಕ ಬರವಲ್ದು ಅಂತ ಒಂದು ಮಾತು ಹೇಳಬಾರದೇನ ಅವ್ವಾ, ಗುಳಿಗಿ ತಗೊಂಡು ಮಲಗಿದಿ?" ಆ ಕಡೆಯಿಂದ ಯಂತ್ರ ಗಾಳಿ ಎಳೆದು ಬಿಡುವ ಸದ್ದು. ಆಮೇಲೆ ಹೇಳಿದೆ, "ಇರಲಿ ಬಿಡು. ನಾ ಇಲ್ಲೇ ಅದೀನಿ."

ಗಂಡ ಬಂದರು. ನನ್ನ ಮುಖ ನೋಡಿ ಬೂಟು ಬಿಚ್ಚದೆ ಬಾಗಿಲಲ್ಲೇ ಕೂತರು. ಅವರಿಗೆ ಹಿಂದಿನ ದಿನವೇ ಗೊತ್ತಿತ್ತಂತೆ.

"ನಿನಗ ಹೆಂಗ ಹೇಳಲಿ?"

"ಬಾಯಿಲೆ ಹೇಳ್ರಿ."

ಅದಕ್ಕಿಂತ ಹೆಚ್ಚು ಜಗಳವಾಡಲು ನನಗೂ ತ್ರಾಣವಿರಲಿಲ್ಲ. ವೀಸಾ ಬರಲಿಲ್ಲ. ಮೇಘಾ ಹೋದಳು.

ಅವಳನ್ನು ತಂದ ದಿನ ಏರ್‌ಪೋರ್ಟಿಗೆ ಬರಬೇಡ ಎಂದರು. ಹೋದೆ. ಕಾರ್ಗೋ ಬಾಗಿಲ ಹೊರಗೆ ಸಾಮಾನಿನ ಲಾರಿಗಳ ನಡುವೆ ನಿಂತೆ. ಮುಖ ನೋಡಬೇಡ ಎಂದರು. ನೋಡಿದೆ. ಜರ್ಮನಿಯಲ್ಲಿ ಯಾರೋ ಅಪರಿಚಿತರು ಅವಳ ಕೂದಲನ್ನು ಚೆನ್ನಾಗಿ ಬಾಚಿದ್ದರು.

ಆಮೇಲೆ ಬಂದವರ ಮಾತು. ಹೆಣ್ಣುಮಗಳನ್ನು ಅಷ್ಟು ದೂರ ಯಾಕೆ ಕಳಿಸಿದಿರಿ ಎಂದರು. ನಾರಾಯಣಗೂಡದಲ್ಲಿ ಆ ಜ್ವರ ಬರುವುದೇ ಇಲ್ಲವೆನ್ನುವ ಹಾಗೆ. ಇನ್ನು ಕೆಲವರು, "ಪುಣ್ಯವಂತಿ, ನಿದ್ದಿಯೊಳಗ ಹ್ವಾದ್ಲು" ಎಂದರು. ಪಕ್ಕದಲ್ಲಿ ಕೂತು ನೋಡಿದವರ ಹಾಗೆ ಹೇಳಿದರು. ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮೊನ್ನೆ ಲಾವಣ್ಯ ರಜೆಗೆ ಬಂದಳು. ವಾರಂಗಲ್ಲಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದಳು. ತೆಳ್ಳಗಿನ ಹುಡುಗಿ. ಫೋನಿನಲ್ಲಿ ಕಂಡದ್ದಕ್ಕಿಂತ ಚಿಕ್ಕವಳು. ಚಹಾ ಮುಟ್ಟಲಿಲ್ಲ.

ನಾನೇ ತೆಲುಗಿನಲ್ಲಿ ಕೇಳಿದೆ. "ನಿದ್ದೆಯಲ್ಲಿ ಹೋದಳಾ?"

ಅವಳು ನನ್ನ ಗಂಡನ ಕಡೆ ನೋಡಿದಳು. "ಅದೆಲ್ಲ ಈಗ್ಯಾಕ" ಎಂದರು ಅವರು.

"ಹೇಳಲಿ ಬಿಡ್ರಿ."

"ಇಲ್ಲ ಆಂಟಿ," ಎಂದಳು ಲಾವಣ್ಯ. "ಪ್ರಜ್ಞೆ ತಪ್ಪುವವರೆಗೆ ತುಂಬಾ ನೋವಿತ್ತು. ಕಾಲು ಮುಟ್ಟಿದರೂ ಚೀರುತ್ತಿದ್ದಳು. ಆಂಬುಲೆನ್ಸ್ ಕರೆದದ್ದಕ್ಕೆ ನನ್ನ ಮೇಲೆ ರೇಗಿದಳು. ಹೆದರಿದ್ದಳು. ನನ್ನ ಕೈ ಮಾತ್ರ ಬಿಡಲಿಲ್ಲ. ನಾನೂ ಬಿಡಲಿಲ್ಲ."

ಕಾಲ ಕೆಳಗೆ ನೆಲ ಸಿಕ್ಕಿತು. ನನ್ನ ಮಗಳ ಸಾವು ಆವರೆಗೆ ಬೇರೆಯವರ ಬಾಯಿಯ ಕಥೆಯಾಗಿತ್ತು. ಆ ಹುಡುಗಿ ಅದನ್ನು ನನಗೆ ತಂದುಕೊಟ್ಟಳು. ಅವಳ ಋಣ ನನ್ನ ಮೇಲಿದೆ. ಒಬ್ಬರಾದರೂ ಅಲ್ಲಿದ್ದರು, ಕೈ ಹಿಡಿದಿದ್ದರು. ಇಷ್ಟನ್ನು ಇಟ್ಟುಕೊಂಡು ಬದುಕಬಹುದೇನೋ. ನೋಡಬೇಕು.

ನನ್ನ ಗಂಡ ಕುರ್ಚಿಯನ್ನು ಲಾವಣ್ಯಳ ಹತ್ತಿರ ಎಳೆದುಕೊಂಡರು.

"ಆಮೇಲೆ ಏನಾಯಿತಮ್ಮ?" ಎಂದು ಕೇಳಿದರು.