ಎಡಗಡೆಯ ಪೆಟ್ಟಿಗೆ

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಗುಂಡ್ಲುಪೇಟೆಯ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದೆ, ಮನೆ ಚಾಮರಾಜನಗರದಲ್ಲಿ. ನಾಲ್ಕೂವರೆಗೆ ಕೆಲಸ ಮುಗಿದರೂ ತೆರಕಣಾಂಬಿ ಮೇಲೆ ಹೋಗುವ ನನ್ನ ಬಸ್ಸು ಬರುತ್ತಿದ್ದುದು ಆರಕ್ಕೆ. ಅಲ್ಲಿಯವರೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಿದ್ದೆ.

ಅಂಗಡಿಯವರಿಗೆ ಐವತ್ತರ ಹತ್ತಿರ ವಯಸ್ಸು. ಊರೆಲ್ಲ ಅವರನ್ನು ಭಾಯ್ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಸೆಟ್ಟನ್ನು ಬಿಚ್ಚುವ ಮೊದಲೇ, ಬರೀ ಅದರ ಗೊರಗೊರ ಕೇಳಿ, ಯಾವ ಭಾಗ ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಅಂಥ ಕಿವಿ ಅವರದು.

ಒಂದು ಸಂಜೆ ನಾನು ಹೋದಾಗ ಅಂಗಡಿಯ ಅರ್ಧ ಜಾಗವನ್ನು ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಹಿಡಿದಿದ್ದವು. ಹಂಗಳದ ಆಚೆ ಕಾಡಿನಂಚಿನಲ್ಲಿದ್ದ ಲಾಡ್ಜೊಂದು ಮುಚ್ಚಿತ್ತಂತೆ. ಅದರ ಕಾವಲಿನವನು ಪೆಟ್ಟಿಗೆಗಳ ಜೊತೆ ಒಂದು ಆಂಪ್ಲಿಫೈಯರನ್ನೂ ಸೂಟ್‌ಕೇಸ್ ತುಂಬ ಕ್ಯಾಸೆಟ್‌ಗಳನ್ನೂ ತಂದು ಇಳಿಸಿಹೋಗಿದ್ದ.

"ಯಾರದು ಭಾಯ್ ಇವೆಲ್ಲ?"

"ಯಾರೋ ಒಬ್ರು ಅಲ್ಲಿ ರೂಮ್ ಮಾಡ್ಕಂಡು ಮೂರು ವರ್ಸ ಇದ್ರಂತೆ ಸಾರ್. ಒಂದಿನ ಎಲ್ಲಾ ಬುಟ್ಬುಟ್ಟು ಒಂಟೋದ್ರಂತೆ. ಎಲ್ಲಿಗೆ ಅಂತ ಆ ಕಾವಲಿನೋನ್ಗೂ ಗೊತ್ತಿಲ್ಲ."

ಕ್ಯಾಸೆಟ್‌ಗಳ ಮೇಲೆ ನೀಲಿ ಶಾಯಿಯಲ್ಲಿ ಹೊರದೇಶದ ಹಾಡುಗಾರರ, ವಾದ್ಯದವರ ಹೆಸರುಗಳಿದ್ದವು. ಒಂದನ್ನೂ ನಾನು ಕೇಳಿರಲಿಲ್ಲ. ಹೆಸರಿನ ಪಕ್ಕ ಸೋಲ್, ಫಂಕ್, ಜಾಝ್ ಎಂದು ಸಂಗೀತದ ಬಗೆಯನ್ನು ಸಣ್ಣಗೆ ಬರೆದಿತ್ತು. ನನಗೆ ಗೊತ್ತಿದ್ದುದು ಸಿನಿಮಾ ಹಾಡು, ಭಾಯ್‌ಗೆ ಕವ್ವಾಲಿ. ಮೊದಲನೇ ಕ್ಯಾಸೆಟ್ ಹಾಕಿದಾಗ ದಪ್ಪ ತಂತಿಯ ಗಿಟಾರೊಂದು ಒಂದೇ ಮಾತನ್ನು ಮತ್ತೆ ಮತ್ತೆ ಆಡಲು ಶುರುಮಾಡಿತು. ಭಾಯ್ ಕಣ್ಣು ಮುಚ್ಚಿದರು. "ಲೋಡ್ ತುಂಬಿದ ಲಾರಿ ನ್ಯೂಟ್ರಲ್‌ನಲ್ಲಿ ನಿಂತು ನಡುಗ್ದಂಗೆ ಅದೆ ಸಾರ್," ಎಂದರು. ಆಮೇಲೆ ಒಬ್ಬ ಹೆಂಗಸಿನ ಗಂಟಲು ಬಂತು. ಆಕೆ ಏನು ಹಾಡುತ್ತಿದ್ದಳೋ ಅರ್ಥವಾಗಲಿಲ್ಲ, ಆದರೆ ಕೈಯಲ್ಲಿದ್ದ ಟೀ ಆರಿಹೋಗಿತ್ತು.

ಭಾನುವಾರಗಳಲ್ಲಿ ಚಾಮರಾಜನಗರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಆ ಹೆಸರುಗಳನ್ನು ಹುಡುಕತೊಡಗಿದೆ. ಎರಡು ಸಾಲು ಸಿಕ್ಕರೆ ಹೆಚ್ಚು, ಅದನ್ನೇ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಹೆಂಗಸು ಒಂದೇ ರೆಕಾರ್ಡು ಹಾಡಿ, ಉಳಿದ ವರ್ಷಗಳೆಲ್ಲ ತನ್ನೂರಿನಲ್ಲಿ ಬಸ್ಸು ಓಡಿಸಿದ್ದಳಂತೆ. ಒಬ್ಬ ತುತ್ತೂರಿಯವನ ಹಲ್ಲು ಮುರಿದು ಮತ್ತೆ ಊದಲಾಗಲಿಲ್ಲವಂತೆ. ಪಿಯಾನೋದವನೊಬ್ಬ ಬದುಕಿದ್ದಾನೋ ಇಲ್ಲವೋ ಯಾರಿಗೂ ತಿಳಿಯದು. ಸೋಮವಾರ ಈ ಚೀಟಿಗಳನ್ನು ಓದಿ ಹೇಳಿದರೆ ಭಾಯ್ ಬೆಸುಗೆ ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಯಾರ್ಗೂ ಬ್ಯಾಡ್ವಾದೋರು ಸಾರ್ ಇವ್ರು. ನಾವಾದ್ರೂ ಕೇಳನ."

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ದಿನ ಜಾಝ್ ಕ್ಯಾಸೆಟ್ಟೊಂದು ಓಡುತ್ತಿರುವಾಗ ಭಾಯ್ ಹುಬ್ಬು ಗಂಟಿಕ್ಕಿದರು. "ಎಡಗಡೆ ಪೆಟ್ಟಿಗೇಲಿ ಕಂಚಿನ ತಟ್ಟೆ ಸದ್ದು ಒಂಟೋಯ್ತಲ್ಲ ಸಾರ್?"

ಡ್ರಮ್ಮಿನವನು ಕಡ್ಡಿಯಿಂದ ಆ ತಟ್ಟೆಯನ್ನು ಸವರುತ್ತಿದ್ದ ಸಣ್ಣ ಸದ್ದು ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಹಾಗೆಂದು ಹೇಳಿದೆ. ಅವರು ನಂಬಲಿಲ್ಲ. ಪೆಟ್ಟಿಗೆ ಬಿಚ್ಚಿ ಒಳಗಿನ ಚಿಕ್ಕ ಸ್ಪೀಕರ್ ಬದಲಾಯಿಸಿದರು. ಮರುದಿನ ವೈರು ಬದಲಾಯಿಸಿದರು. ಅದರ ಮರುದಿನ ಎಡಗಡೆಯ ಪೆಟ್ಟಿಗೆಯನ್ನೇ ಬಲಕ್ಕೆ, ಬಲದ್ದನ್ನು ಎಡಕ್ಕೆ ಇಟ್ಟರು. ಆದರೂ ಎಡಗಡೆಯದೇ ಸರಿಯಿಲ್ಲ ಎಂದರು.

ಆ ವಾರವೇ ಇರಬೇಕು, ಏನೋ ಹುಡುಕುತ್ತ ಪೆಟ್ಟಿಗೆಗಳಿಗೆ ಬೆನ್ನು ಮಾಡಿ ನಿಂತವರು ನಕ್ಕರು. "ನೋಡಿ ಸಾರ್ ಇದರ ಆಟನಾ! ಈಗ ಬಲಗಡೆ ಪೆಟ್ಟಿಗೆ ಸತ್ತೋಯ್ತು."

ನನಗೆ ನಗು ಬರಲಿಲ್ಲ. ಅವರು ತಿರುಗಿ ನಿಂತಿದ್ದರು, ಅಷ್ಟೆ. ಪೆಟ್ಟಿಗೆಗಳು ಎಲ್ಲಿದ್ದವೋ ಅಲ್ಲೇ ಇದ್ದವು. ಬಲಗಡೆಯದು ಈಗ ಅವರ ಎಡಗಿವಿಯ ಕಡೆಗೆ ಬಂದಿತ್ತು. ಭಾಯ್, ಕೆಟ್ಟಿರುವುದು ನಿಮ್ಮ ಕಿವಿ ಎನ್ನಬೇಕಿತ್ತು.

"ಎಲ್ಲೋ ಲೂಸ್ ಕನೆಕ್ಷನ್ ಇರಬೇಕು," ಎಂದೆ.

ಯಾಕೆ ಹಾಗಂದೆನೋ ಆಗ ಯೋಚಿಸಲಿಲ್ಲ. ಈಗ ಗೊತ್ತು. ನನ್ನ ದಿನದಲ್ಲಿ ನನ್ನದೆಂದು ಇದ್ದುದು ಆ ಒಂದೂವರೆ ಗಂಟೆ ಮಾತ್ರ. ಕಿವಿ ಹೋಗುತ್ತಿದೆ ಎಂದು ತಿಳಿದ ಮೇಲೆ ಅವರು ಆ ಕ್ಯಾಸೆಟ್‌ಗಳನ್ನು ಮುಟ್ಟುತ್ತಾರೆಯೇ?

ಆಮೇಲಿನ ತಿಂಗಳುಗಳಲ್ಲಿ ನಾನು ಹಾಡಿಗಿಂತ ಹೆಚ್ಚಾಗಿ ಅವರನ್ನೇ ನೋಡುತ್ತಿದ್ದೆ. ಫೋನು ಎಡಗಿವಿಯಿಂದ ಬಲಗಿವಿಗೆ ಬಂತು. ಮೆಟ್ಟಿಲಿಳಿಯುವಾಗ ಬಾಗಿಲ ಚೌಕಟ್ಟು ಹಿಡಿಯತೊಡಗಿದರು. ಬೇಗೂರಿನಿಂದ ಬಂದ ಗಿರಾಕಿಯೊಬ್ಬ, ರಿಪೇರಿಯಾದ ಸೆಟ್ಟು ಇನ್ನೂ ಕಿರುಗುಟ್ಟುತ್ತಿದೆ ಎಂದು ಜಗಳವಾಡಿ ಹೋದ. ಒಮ್ಮೆ ಟೀ ಅವರ ತುಟಿಯ ಎಡತುದಿಯಿಂದ ಸೋರಿ ಅಂಗಿಗೆ ಇಳಿಯಿತು, ಅವರಿಗೆ ಅದು ತಿಳಿಯಲೇ ಇಲ್ಲ.

"ತಲೆ ಒಳಗೆ ಯಾವಾಗ್ಲೂ ಒಂದು ಸೀಟಿ ಸಾರ್," ಎಂದರು ಒಂದು ದಿನ. "ಸ್ಟೇಷನ್ನೇ ಸಿಕ್ಕಲ್ಲ, ಬರೀ ಸೀಟಿ."

"ಡಾಕ್ಟರಿಗೆ ತೋರಿಸಿ," ಎಂದೆ. ಹೇಳಬೇಕಾದ ಹಾಗೆ ಹೇಳಲಿಲ್ಲ. ಮಾತಿಗೆ ಹೇಳಿದಂತೆ ಹೇಳಿ ಕ್ಯಾಸೆಟ್ ತಿರುಗಿಸಿ ಹಾಕಿದೆ.

ಬೇಸಿಗೆ ಶುರುವಾಗಿತ್ತು. ಸ್ಯಾಕ್ಸೋಫೋನಿನವನೊಬ್ಬ ಉಸಿರು ಬಿಡದೆ ಊದುತ್ತಿದ್ದ. ಗಿರಾಕಿಗೆ ರೇಡಿಯೋ ಕೊಡಲು ಎದ್ದ ಭಾಯ್ ಎಡಕ್ಕೆ ವಾಲಿದರು, ಹಾಗೇ ವಾಲುತ್ತ ಹೋಗಿ ಮೆಟ್ಟಿಲಾಚೆ ಬಿದ್ದರು. ನಾನು ಓಡಿಹೋಗಿ ತಲೆ ಎತ್ತಿ ಹಿಡಿದೆ. ಮುಖದ ಒಂದು ಭಾಗ ಮಾತ್ರ ನೋವು ತೋರಿಸುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಕಿವಿಯ ನರದ ಮೇಲೆ ಗಡ್ಡೆ ಬೆಳೆದಿದೆ ಎಂದರು. ಕ್ಯಾನ್ಸರ್ ಅಲ್ಲ. ಆದರೆ ಮೆದುಳನ್ನು ಒತ್ತುವಷ್ಟು ದೊಡ್ಡದಾಗಿದೆ, ಮೊದಲೇ ಕರೆತಂದಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಇಡೀ ದಿನ ನಡೆಯಿತು. ಭಾಯ್ ಅವರ ಹೆಂಡತಿ ಬೆಂಚಿನ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ಆಕೆ ತಮ್ಮನ ಜೊತೆ ಉರ್ದುವಿನಲ್ಲಿ ಪಿಸುಗುಟ್ಟುತ್ತಿದ್ದವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ನೀವು ದಿನಾ ಅವ್ರ ಜೊತೆ ಕೂತು ಕೇಳ್ತಿದ್ರಲ್ಲ ಸಾರ್. ನಿಮ್ಗೇನೂ ಗೊತ್ತಾಗ್ಲಿಲ್ವಾ?"

"ಇಲ್ಲಮ್ಮ," ಎಂದೆ.

ಭಾಯ್ ಉಳಿದರು. ಎಡಗಿವಿ ಪೂರ್ತಿ ಹೋಯಿತು, ಎಡಗಣ್ಣು ಸರಿಯಾಗಿ ಮುಚ್ಚುವುದಿಲ್ಲ. ಅಂಗಡಿಯನ್ನು ಭಾವಮೈದ ಮೊಬೈಲ್ ಅಂಗಡಿ ಮಾಡಿದ. ಕ್ಯಾಸೆಟ್‌ಗಳನ್ನು ನನ್ನ ಮನೆಗೇ ಕಳಿಸಿಕೊಟ್ಟರು. ನಾನು ತಿಂಗಳುಗಟ್ಟಲೆ ಆ ಸೂಟ್‌ಕೇಸ್ ತೆರೆಯಲಿಲ್ಲ.

ಒಂದು ಭಾನುವಾರ ಅವರ ಮನೆಗೆ ಹೋದೆ. ನಡುಮನೆಯಲ್ಲಿ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ಅವರ ಬಲಕ್ಕೊಂದು, ಎಡಕ್ಕೊಂದು ಕುರ್ಚಿಯಿತ್ತು. ನಾನು ಎಡಗಡೆಯದರಲ್ಲಿ ಕೂತೆ. ಅವರ ಹೆಂಡತಿ ಟೀ ಮಾಡಲು ಒಳಗೆ ಹೋದಾಗ, ತಗ್ಗಿದ ದನಿಯಲ್ಲಿ, ನನಗೆ ಮೊದಲೇ ಗೊತ್ತಿತ್ತು ಭಾಯ್, ನೀವು ತಿರುಗಿ ನಿಂತ ದಿನವೇ ಗೊತ್ತಾಗಿತ್ತು ಎಂದು ಎಲ್ಲವನ್ನೂ ಹೇಳಿದೆ.

ನನ್ನ ತುಟಿ ಅಲುಗಿದ್ದು ಕಂಡಿತೇನೋ, ನಿಧಾನವಾಗಿ ಇಡೀ ಮೈಯನ್ನೇ ನನ್ನತ್ತ ತಿರುಗಿಸಿದರು.

"ಏನಂದ್ರಿ ಸಾರ್?"

"ಏನಿಲ್ಲ ಭಾಯ್. ಹೇಗಿದ್ದೀರಿ ಅಂತ ಕೇಳಿದೆ."