ಬಿಬವೇವಾಡಿಯ ಪುಕ್ಕಟೆ ಸೈಕಲ್ಲು

ಪುಣೆಯ ಬಿಬವೇವಾಡಿಗೆ ಬಂದ ಮೊದಲ ವಾರವೇ ಮನೆಮಾಲೀಕರು ನನ್ನನ್ನು "ತಾಈ" ಎಂದು ಕರೆದು, ಮೆಟ್ಟಿಲ ಕೆಳಗೆ ದೂಳು ತಿನ್ನುತ್ತ ನಿಂತಿದ್ದ ಸೈಕಲ್ಲೊಂದನ್ನು ತೋರಿಸಿ, "ಘೇಊನ ಟಾಕಾ, ಪೈಸೆ ನಕೋತ" ಎಂದರು. ತಗೊಂಡುಬಿಡಿ, ದುಡ್ಡು ಬೇಡ ಅಂತ. ನಾನು ಎರಡು ಸಲ ಬೆಚ್ಚಿದೆ. ಅಪ್ಪನ ವಯಸ್ಸಿನವರು ನನ್ನನ್ನು ತಾಯಿ ಎನ್ನುತ್ತಿದ್ದಾರಲ್ಲ ಎಂದು ಮೊದಲ ಸಲ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ ಎಂದು ಗೊತ್ತಾದ ಮೇಲೆ ಆ ಗಾಬರಿ ಇಳಿಯಿತು. ದುಡ್ಡು ಬೇಡ ಅಂದದ್ದಕ್ಕೆ ಬೆಚ್ಚಿದ್ದು ಮಾತ್ರ ಇಳಿಯಲಿಲ್ಲ. ನಮ್ಮ ಬೆಟಗೇರಿಯಲ್ಲಿ ತುಕ್ಕು ಹಿಡಿದ ಮೊಳೆಯನ್ನೂ ಯಾರೂ ಪುಕ್ಕಟೆ ಕೊಡುವುದಿಲ್ಲ. ಕೊಟ್ಟರೆ ಹಿಂದೆ ಮುಂದೆ ತಿರುಗಿಸಿ ನೋಡಿಯೇ ತಗೊಳ್ಳುತ್ತೇವೆ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಅಪ್ಪ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುತ್ತಿದ್ದರು. ನಟ್ಟು ತಿರುಗಿಸುವ ಪಾನಾ ಹಿಡಿಯುವುದನ್ನು ಅವರಿಂದ ಕಲಿತೆ, ಎದುರಿಗಿದ್ದವರನ್ನು ನಂಬದಿರುವುದನ್ನೂ ಅವರಿಂದಲೇ ಕಲಿತೆ. ಮದುವೆ ಮುರಿದು ತವರಿಗೆ ಬಂದ ಮೇಲೆ ಅಣ್ಣನ ಮನೆಯ ಅಡುಗೆ, ಅವನ ಮಕ್ಕಳು, ಅವನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು, ಇಷ್ಟರಲ್ಲಿ ವರ್ಷಗಳು ಸರಿದವು. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ. ಆದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲೂ ಇಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಮ್ಮ ಕಡೆಯವರ ಬೆಲ್ಲದ ದಲಾಲಿ ಅಂಗಡಿಯಲ್ಲಿ ಕೆಲಸ ಸಿಕ್ಕಾಗ ಅಣ್ಣ, "ಹನ್ನೊಂದು ತಿಂಗಳು ನೋಡು, ಆಗಲಿಲ್ಲಂದ್ರ ಸುಮ್ನ ಬಾ" ಎಂದ. ಇಲ್ಲಿಯ ಬಾಡಿಗೆ ಕರಾರು ಹನ್ನೊಂದು ತಿಂಗಳಿನದು. ಒಂಟಿ ಹೆಂಗಸಿಗೆ ಮನೆ ಕೊಡುವವರು ಇಲ್ಲೂ ಕಡಿಮೆ. ಆ ಕರಾರು ಮುಂದುವರಿಯದಿದ್ದರೆ ಮತ್ತೆ ಅಣ್ಣನ ಅಡುಗೆಮನೆಯೇ ಗತಿ ಎಂದು ನನಗೆ ಮೊದಲ ದಿನದಿಂದಲೇ ಗೊತ್ತಿತ್ತು. ಹೋಗಲು ನನಗೆ ಮನಸ್ಸಿರಲಿಲ್ಲ. ನಲವತ್ತು ದಾಟಿದ ಮೇಲೆ ಮೊದಲ ಬಾರಿಗೆ ಒಂದು ಬಾಗಿಲಿನ ಕೀಲಿಕೈ ನನ್ನ ಕೈಗೆ ಬಂದಿತ್ತು.

ನೀವು ಊರಲ್ಲಿರುವವರು ಬೆಳಿಗ್ಗೆ ಬಾಗಿಲು ತೆರೆದರೆ ಮಲಗುವ ಹೊತ್ತಿಗೇ ಮುಚ್ಚುವುದು. ಇಲ್ಲಿ ಬಾಗಿಲಿನ ಮುಂದೆ ಕಬ್ಬಿಣದ ಇನ್ನೊಂದು ಬಾಗಿಲು, ಒಳಗಿನದಕ್ಕೆ ಕಣ್ಣಿಟ್ಟು ನೋಡಲು ಗಾಜಿನ ತೂತು. ನಮ್ಮಲ್ಲಿ ಸಿಟ್ಟು ಬಂದರೆ ಓಣಿಗೆಲ್ಲ ಕೇಳುವಂತೆ ಬೈಯುತ್ತೇವೆ. ಇಲ್ಲಿ ಬರೆದು ತೂಗುಹಾಕುತ್ತಾರೆ. ಅಂಥ ಫಲಕಕ್ಕೆ ಪಾಟೀ ಎನ್ನುತ್ತಾರೆ. ನಮ್ಮ ಗೇಟಿನ ಪಾಟೀ ಹೀಗಿದೆ: "ಗೇಟು ತೆರೆದವರಿಗೆ ಮುಚ್ಚಲೂ ಬರುತ್ತದೆ ಎಂದು ನಂಬಿದ್ದೇವೆ." ಸಾರಿನ ವಿಷಯ ಕೇಳಲೇಬೇಡಿ. ಮನೆಮಾಲೀಕರ ಹೆಂಡತಿಯನ್ನು ನಾನು ಕಾಕು ಎನ್ನುತ್ತೇನೆ, ಮಾಲೀಕರನ್ನು ಕಾಕಾ. ಕಾಕು ಬಟ್ಟಲಲ್ಲಿ ಆಮಟಿ ಕಳಿಸುತ್ತಿದ್ದರು. ಅದು ನಮ್ಮ ಬ್ಯಾಳಿಸಾರಿನ ತಂಗಿಯಂತೆ ಕಾಣುತ್ತದೆ, ಬಾಯಿಗಿಟ್ಟರೆ ಬೆಲ್ಲ. ದಿನವಿಡೀ ಬೆಲ್ಲದ ಅಂಗಡಿಯಲ್ಲಿ ಕೂತು ಬಂದವಳಿಗೆ ಸಾರಿನಲ್ಲೂ ಬೆಲ್ಲ! ಏನನ್ನೋ ಮುಚ್ಚಲಿಕ್ಕೇ ಇಷ್ಟು ಸಿಹಿ ಸುರಿದಿದ್ದಾರೆ ಎಂದುಕೊಂಡು ಉಣ್ಣುತ್ತಿದ್ದೆ.

ಸೈಕಲ್ಲನ್ನು ಬೇಡ ಎನ್ನುವ ಹಾಗಿರಲಿಲ್ಲ. ಅಂಗಡಿ ದೂರವಿಲ್ಲ, ಅಷ್ಟು ಹತ್ತಿರಕ್ಕೆ ರಿಕ್ಷಾದವರು ಬರುವುದಿಲ್ಲ. ಅದು ಹಳೆಯ ಕಾಲದ ಉಕ್ಕಿನ ಮೌಂಟನ್ ಸೈಕಲ್ಲು. ದಪ್ಪ ಟೈರು, ನೇರ ಹ್ಯಾಂಡಲ್ಲು, ಪೆಡಲಿನ ಹತ್ತಿರ ಹಲ್ಲಿನ ಮೂರು ಚಕ್ರ, ಹಿಂದಿನ ಗಾಲಿಗೆ ಅಂಥವೇ ಸಣ್ಣ ಚಕ್ರಗಳ ಗೊಂಚಲು. ಊರು ಬಿಡುತ್ತಿದ್ದ ಹಾಸ್ಟೆಲ್ ಹುಡುಗನಿಂದ ಕೊಂಡು, ಮೊಣಕಾಲು ಕೈಕೊಡುವ ತನಕ ತಾವೇ ಓಡಿಸಿದ್ದಾಗಿ ಕಾಕಾ ಹೇಳಿದರು. ಮೊಣಕಾಲು ಕೈಕೊಟ್ಟವರು ದಿನಾ ಸಂಜೆ ತರಕಾರಿಗೆ ನಡೆದೇ ಹೋಗುತ್ತಿದ್ದರು. ಅದನ್ನೂ ನಾನು ಗಮನಿಸಿದೆ.

ಸಂಜೆ ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ ಚೌಕಟ್ಟಿನ ಉದ್ದಕ್ಕೂ ಪಾನಾದಿಂದ ತಟ್ಟುತ್ತ ಹೋದೆ. ಒಡಕಿದ್ದರೆ ದನಿ ಬೇರೆ ಬರುತ್ತದೆ. ಎಲ್ಲೂ ಬರಲಿಲ್ಲ. ಬಗ್ಗಿದ್ದು, ಬೆಸುಗೆ ಹಾಕಿದ್ದು ಏನೂ ಸಿಗಲಿಲ್ಲ. ನನ್ನ ಸಂಶಯ ಇನ್ನೂ ಹೆಚ್ಚಾಯಿತು. ಕಾಕಾ ಪ್ಲಾಸ್ಟಿಕ್ ಕುರ್ಚಿ ತಂದು, ಪೇಪರು ಹಿಡಿದುಕೊಂಡು ಎದುರಿಗೇ ಕೂತಿದ್ದರು. ನಾನು ಫೋನನ್ನು ಮೆಟ್ಟಿಲ ಮೇಲೆ ಇಟ್ಟು, ಸ್ಪೀಕರ್ ಹಾಕಿ ಅಣ್ಣನ ಜೊತೆ ಮಾತಾಡುತ್ತಿದ್ದೆ. ಪುಣೆಯಲ್ಲಿ ನನಗಿದ್ದ ದೊಡ್ಡ ಸುಖ ಅದೊಂದೇ. ಯಾರ ಮುಂದಾದರೂ ಕನ್ನಡದಲ್ಲಿ ಬಾಯಿಗೆ ಬಂದದ್ದು ಹೇಳಬಹುದಿತ್ತು.

"ಅಣ್ಣಾ, ಈ ಮುದುಕನ ಮ್ಯಾಲೆ ನನಗ ಸಂಶೇ ಐತಿ. ಬ್ರೇಕಿನ ರಬ್ಬರ್ ಪೂರಾ ಸವದಾವು. ಇಳಕಲಿನ್ಯಾಗ ಬಿದ್ದು ಸತ್ರ ಮನಿ ಖಾಲಿ ಆಕ್ಕೈತಿ ಅಂತ ಕೊಟ್ಟಾನೇನೋ."

"ಕಳವಿನ ಮಾಲ್ ಇರಬೇಕು," ಅಣ್ಣ ಅಂದ. "ಪುಕ್ಕಟ ಯಾರರೆ ಕೊಡ್ತಾರೇನು? ಹುಷಾರಿರು."

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹೊಸ ಬ್ರೇಕ್ ರಬ್ಬರುಗಳು ಇದ್ದವು. ಖುಷಿಪಡುವ ಬದಲು ಅವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬ್ರೇಕಿನ ಮಾತನ್ನು ನಾನು ಮರಾಠಿಯಲ್ಲಿ ಯಾರ ಹತ್ತಿರವೂ ಎತ್ತಿರಲಿಲ್ಲ.

ಸೈಕಲ್ಲು ತುಳಿದರೆ ಏರಿನಲ್ಲಿ ಚೈನು ಒಂದು ಹಲ್ಲಿನಿಂದ ಇನ್ನೊಂದಕ್ಕೆ ಹಾರುತ್ತಿತ್ತು. ಗಿಯರಿನ ತಂತಿಗಳು ಒಳಗೇ ತುಕ್ಕು ಹಿಡಿದಿದ್ದವು. ರಿಪೇರಿ ಅಂಗಡಿಯವನು ಎಲ್ಲವನ್ನೂ ಹೊಸದು ಹಾಕಬೇಕು ಎಂದ. ಅವನು ಚೌಕಟ್ಟನ್ನು ಸವರಿ ನೋಡಿದ ರೀತಿ ನನಗೆ ಸೇರಲಿಲ್ಲ. ಮನೆಗೆ ತಂದು, ನನಗೆ ಭರವಸೆ ಇಲ್ಲದ್ದನ್ನೆಲ್ಲ ಒಂದೊಂದಾಗಿ ಬಿಚ್ಚುತ್ತ ಹೋದೆ. ಹ್ಯಾಂಡಲ್ಲಿನ ಗಿಯರ್ ಹಿಡಿಕೆಗಳು ಹೋದವು, ತಂತಿಗಳು ಹೋದವು, ಚೈನನ್ನು ಅತ್ತಿತ್ತ ತಳ್ಳುವ ಮುಂದಿನ, ಹಿಂದಿನ ತೋಳುಗಳೂ ಹೋದವು. ಮುಂದಿನ ಮೂರರಲ್ಲಿ ನಡುವಿನ ಚಕ್ರವನ್ನಷ್ಟೇ ಉಳಿಸಿಕೊಂಡೆ. ಹಿಂದಿನ ಗೊಂಚಲನ್ನು ತೆಗೆದು, ಹಾಲಿನವರ ಸೈಕಲ್ಲಿಗಿರುವಂಥ ಒಂದೇ ಫ್ರೀವೀಲ್ ಕೂರಿಸಬೇಕೆಂದು ಎಣಿಸಿದೆ. ಸಂಶಯಪಡಲು ಭಾಗಗಳೇ ಕಡಿಮೆ ಇದ್ದರೆ ನಿದ್ದೆ ಚೆನ್ನಾಗಿ ಬರುತ್ತದೆ.

"ಗಿಯರ ಅಸೂ ದ್ಯಾ, ತಾಈ. ಇಥೇ ಚಢ ಆಹೇ," ಎಂದರು ಕಾಕಾ. ಗಿಯರು ಇರಲಿ ಬಿಡಿ, ಇಲ್ಲಿ ಏರಿದೆ ಅಂತ. ಗಿಯರಿನ ಮೇಲೆ ಇವರಿಗೇಕೆ ಇಷ್ಟು ಮಮತೆ ಎಂದು ಅದಕ್ಕೂ ಅನುಮಾನ.

ಅಂದು ಸಂಜೆ ಅಂಗಳದಿಂದಲೇ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. "ಗೊಂಚಲ ಬಿಚ್ಚಾಕ ಬ್ಯಾರೆ ಪಾನಾನ ಬೇಕು, ನನ್ನ ಹತ್ರ ಇಲ್ಲ. ಅಂಗಡ್ಯಾಗ ಕೊಟ್ರ ಗಾಲೀನ ಬದಲಿ ಮಾಡ್ತಾನ ಭಾಡ್ಯಾ." ಮರುದಿನ ಕಾಕಾ ಯಾರಿಂದಲೋ ಎರವಲು ತಂದ ಆ ಪಾನಾವನ್ನು ನನ್ನ ಕೈಗಿಟ್ಟರು.

ಇನ್ನು ಅನುಮಾನಕ್ಕೆ ಜಾಗವೇ ಇರಲಿಲ್ಲ. ನಾನು ಅಂಗಡಿಗೆ ಹೋದಾಗ ಇವರು ನನ್ನ ಕೋಣೆಗೆ ಹೋಗುತ್ತಾರೆ. ಬಿಚ್ಚಿದ ಭಾಗಗಳನ್ನು ಅಲ್ಲೇ ಹಾಸಿದ ಪೇಪರಿನ ಮೇಲೆ ಇಟ್ಟಿದ್ದೆ, ಅದನ್ನು ನೋಡಿಯೇ ಏನು ಬೇಕೆಂದು ತಿಳಿದುಕೊಂಡಿದ್ದಾರೆ. ಬೇರೆ ಹೇಗೆ ತಿಳಿಯಬೇಕು? ಅವತ್ತೇ ಹೊಸ ಕೀಲಿ ತಂದು ನನ್ನ ಬಾಗಿಲಿಗೆ ಜಡಿದೆ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುವುದೇ ರೂಢಿ. ಮಾಲೀಕರನ್ನು ಕೇಳದೆ ಕೀಲಿ ಬದಲಿಸಬಾರದು ಎಂದು ಕರಾರಿನಲ್ಲೇ ಇತ್ತು. ನಾನಿದ್ದ ಮೇಲಂತಸ್ತಿಗೆ ಕಾಕು ಬಟ್ಟೆ ಒಣಹಾಕಲು ಬಂದವರು ಅದನ್ನು ನೋಡಿದರು. ಅವತ್ತಿನಿಂದ ಆಮಟಿಯ ಬಟ್ಟಲು ಬರುವುದು ನಿಂತಿತು. ಬೆಲ್ಲದ ಸಾರಿಗಾಗಿ ನಾನು ಅಷ್ಟು ಕಳವಳಪಡುತ್ತೇನೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಬಿಡುವಾದಾಗಷ್ಟೇ ಕೈಹಾಕುತ್ತಿದ್ದ ಸೈಕಲ್ಲಿನ ಕೆಲಸ ಮುಗಿಯಲು ಬಂದಾಗ ಕರಾರಿನ ಅವಧಿಯೂ ಮುಗಿಯಲು ಬಂದಿತ್ತು. ಒಂದು ದಿನ ಬೆಳಿಗ್ಗೆ ಕಾಕಾ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಕರಾರಾಬದ್ದಲ ಬೋಲಾಯಚಂ ಆಹೇ," ಕರಾರಿನ ಬಗ್ಗೆ ಮಾತಾಡುವುದಿದೆ ಎಂದರು. ಮುಖದಲ್ಲಿ ನಗು ಇರಲಿಲ್ಲ. ಅಂಗಡಿಯಲ್ಲಿ ದಿನವಿಡೀ ನನ್ನ ಕೈಗೆ ಕೆಲಸ ಹತ್ತಲಿಲ್ಲ.

ಸಂಜೆ ಕೂತು ಫ್ರೀವೀಲಿನ ಹಿಂದೆ ವಾಷರ್ ಹಾಕಿದೆ. ಮುಂದಿನ ಚಕ್ರದಿಂದ ಹಿಂದಿನದಕ್ಕೆ ದಾರ ಹಿಡಿದು ಚೈನಿನ ದಾರಿ ನೆಟ್ಟಗಿದೆಯೇ ಎಂದು ನೋಡಿದೆ. ಅಪ್ಪ ಮಗ್ಗದ ಪಟ್ಟಾ ಹಾಕುವಾಗ ಹೀಗೆಯೇ ನೋಡುತ್ತಿದ್ದರು. ಚೈನಿನ ಹೆಚ್ಚಿನ ಕೊಂಡಿಗಳನ್ನು ತೆಗೆದು, ಬಿಗಿಯಾಗುವ ತನಕ ಗಾಲಿಯನ್ನು ಹಿಂದಕ್ಕೆ ಎಳೆದೆ. ಕಾಕಾ ಎಂದಿನಂತೆ ಪೇಪರು ಹಿಡಿದು ಕುರ್ಚಿಯಲ್ಲಿದ್ದರು. ಅಣ್ಣ ಫೋನಿನಲ್ಲಿದ್ದ.

"ಮುಗೀತಣ್ಣಾ. ಹೊರಗ ಹಾಕ್ತಾರ ನನ್ನ. ಮಾರಿ ನೋಡಿದ್ರ ದೇವರಂಥಾ ಮನಶ್ಯಾ, ಒಳಗ ಪಕ್ಕಾ ಕಳ್ಳ."

"ಬಾ ಮತ್ತ ಊರಿಗೆ. ಮಗ್ಗದ ಶೆಡ್ಡಿನ ಮ್ಯಾಲಿನ ಖೋಲಿ ಖಾಲಿ ಐತಿ. ನಿಮ್ಮ ಅತ್ತಿಗಿಗೂ ಕೈಗೆ ಆಸರ ಆಕ್ಕೈತಿ."

ಫೋನ್ ಇಟ್ಟೆ. ಅಳು ಬಂತು. ಅಳುತ್ತಲೇ ಗಾಲಿಯ ನಟ್ಟು ತಿರುಗಿಸತೊಡಗಿದೆ. ಕುರ್ಚಿಯ ಕಡೆಯಿಂದ, ಪೇಪರಿನ ಹಿಂದಿನಿಂದ ದನಿ ಬಂತು.

"ಬಲಗಡೆ ನಟ್ಟು ಇನ್ನೊಂದು ಸುತ್ತು ಬಿಗೀರಿ, ತಂಗಿ. ಹಾಂಗ ಬಿಟ್ರ ಏರಿನ್ಯಾಗ ಗಾಲಿ ಸರೀತದ."

ನನ್ನ ಕೈಯಲ್ಲಿನ ಪಾನಾ ಕೆಳಗೆ ಬಿತ್ತು. ಅದು ಹುಬ್ಬಳ್ಳಿ ಧಾರವಾಡದ ಅಚ್ಚ ಕನ್ನಡ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು.

"ನಿಮಗ ಕನ್ನಡ..."

"ಹರೇದ ದಿನಾ ಎಲ್ಲಾ ಹುಬ್ಬಳ್ಳ್ಯಾಗ ಕಳದೇನ್ರಿ. ಬ್ಯಾಂಕಿನ ನೌಕರಿ."

"ಮೊದಲ ಯಾಕ ಹೇಳಲಿಲ್ರೀ?"

"ಹೇಳೂದಿತ್ತು. ಅಷ್ಟರಾಗ ನೀವು ನನ್ನ ಕಳ್ಳನ ಮಾಡಿಬಿಟ್ರಿ. ಆಮ್ಯಾಲೆ ಹೇಳಿದ್ರ ನಿಮಗ ನಾಚಿಕಿ, ನನಗ ಸಂಕೋಚ." ಪೇಪರು ಮಡಿಚಿ ತೊಡೆಯ ಮೇಲಿಟ್ಟುಕೊಂಡರು. "ಖರೇ ಹೇಳ್ಲೇನು? ಇಂಥಾ ಬೈಗಳಾ ಕೇಳಿ ಭಾಳ ವರ್ಷ ಆಗಿತ್ತು. ಛಲೋ ಅನಸ್ತು."

ಬಿದ್ದ ಪಾನಾ ಎತ್ತಿಕೊಂಡೆ. ಕಡೆಗೆ ಕೇಳಿದೆ. "ಕರಾರಿನ ಮಾತು ಏನಿತ್ರಿ?"

"ಅದ? ಕಳ್ಳನ ಮನ್ಯಾಗ ಇನ್ನ ಹನ್ನೊಂದು ತಿಂಗಳು ಇರ್ತೀರೇನು ಅಂತ ಕೇಳೂದಿತ್ತು."

ಜೀವಮಾನದಲ್ಲಿ ನನ್ನನ್ನು ಯಾರಾದರೂ ಇರುತ್ತೀಯಾ ಎಂದು ಕೇಳಿದ್ದು ಅದೇ ಮೊದಲು. ಗಂಡನ ಮನೆಯಲ್ಲಿ ಇರು ಎಂದರು, ಆಮೇಲೆ ಹೋಗು ಎಂದರು. ಅಣ್ಣ ಬಾ ಎಂದ. ಕೇಳಿದವರು ಯಾರೂ ಇರಲಿಲ್ಲ. "ಇರ್ತೀನ್ರಿ" ಎಂದೆ. ಕೀಲಿ ತೆಗೆಯಲೇ ಎಂದೂ ಕೇಳಿದೆ.

"ಕೀಲಿ ಇರ್ಲಿ. ಒಂದು ಕೀಲಿಕೈ ನಿಮ್ಮ ಕಾಕು ಹತ್ರ ಇಟ್ಟಿರ್ರಿ. ಆ ಏರಿನ್ಯಾಗ ಬಿದ್ದು ಕಾಲು ಮುರಕೊಂಡ್ರ ಬಾಗಲಾ ತಗಿಯೋರು ಯಾರು?"

ಮರುದಿನ ಸಂಜೆ ಅಂಗಡಿಯಿಂದ ಬರುವಾಗ ಆ ಏರನ್ನು ಇಳಿಯದೆ ಹತ್ತಿದೆ. ತೊಡೆ ಉರಿಯಿತು, ರಿಕ್ಷಾದವನೊಬ್ಬ ಪಕ್ಕಕ್ಕೆ ಬಂದು ನೋಡಿ ಹೋದ, ಚೈನು ಒಮ್ಮೆಯೂ ಹಾರಲಿಲ್ಲ. ಆ ಒಂದೇ ಗಿಯರು ಏರಿಗೆ ತುಸು ಭಾರ, ಸಪಾಟು ದಾರಿಗೆ ತುಸು ಹಗುರ, ಆದರೂ ಎರಡೂ ಕಡೆ ಸಾಗುತ್ತದೆ. ಗೇಟಿನಲ್ಲಿ ಕಾಕಾ ನಿಂತಿದ್ದರು. ನಾನು ಬೀಳುತ್ತೇನೆಂದು ನೋಡಲು ನಿಂತಿದ್ದರೋ, ಬೀಳಬಾರದೆಂದು ನಿಂತಿದ್ದರೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಅಷ್ಟು ತಿಂಗಳು ಬಾಯಿಮುಚ್ಚಿ ಕೇಳಿಸಿಕೊಂಡವರನ್ನು ಪೂರ್ತಿ ಹೇಗೆ ನಂಬುವುದು? ಕಾಕುಗೆ ಕೀಲಿಕೈ ಕೊಡಲು ನನಗೆ ಮತ್ತೂ ಕೆಲವು ವಾರ ಹಿಡಿದವು. ಕೊಟ್ಟ ದಿನ ಆಮಟಿ ಬಂತು, ಬೆಲ್ಲ ಸಾಲದು ಎನಿಸಿತು.

ಅಣ್ಣನಿಗೆ ಇದನ್ನೆಲ್ಲ ಇನ್ನೂ ಹೇಳಿಲ್ಲ. ಕರಾರಿನ ಮಾತು ನಡೆಯುತ್ತಿದೆ ಎಂದಷ್ಟೇ ಹೇಳಿ ದಿನ ದೂಡುತ್ತಿದ್ದೇನೆ. ಮೊನ್ನೆ ಸಂಜೆ ಅಂಗಳದಲ್ಲಿ ಚೈನಿಗೆ ಎಣ್ಣೆ ಬಿಡುತ್ತಿದ್ದಾಗ ಅವನ ಫೋನು ಬಂತು. ಎಂದಿನಂತೆ ಸ್ಪೀಕರ್ ಹಾಕಿದೆ. ಶೆಡ್ಡಿನ ಮೇಲಿನ ಕೋಣೆಗೆ ಸುಣ್ಣ ಹೊಡೆಸಿದ್ದಾನಂತೆ, ನನಗೆ ಇಷ್ಟವೆಂದು ಕಿಟಕಿಗೆ ಹಸಿರು ಬಣ್ಣ ಬಳಿಸಿದ್ದಾನಂತೆ. ಯಾವತ್ತು ಬರ್ತೀ ಎಂದ. ನನಗೆ ಹಸಿರು ಇಷ್ಟವೆಂದು ಅವನಿಗೆ ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಕಾಕಾ ಕುರ್ಚಿಯಿಂದ ಮೆಲ್ಲಗೆ, "ಕಾಯ ಮ್ಹಣತೋ ಭಾವೂ?" ಏನಂತಾನೆ ಅಣ್ಣ ಎಂದು ಕೇಳಿದರು. ಅವನ ಮಾತೆಲ್ಲ ಅವರಿಗೆ ತಿಳಿದಿತ್ತು, ಆದರೂ ಮರಾಠಿಯಲ್ಲಿ ಕೇಳಿದರು. ನಾನೂ ಯೋಚಿಸದೆ ಮರಾಠಿಯಲ್ಲೇ ಹೇಳಿಬಿಟ್ಟೆ.

"ಘರೀ ಯೇ ಮ್ಹಣತೋ. ಮೀ ನಾಹೀ ಜಾಣಾರ." ಮನೆಗೆ ಬಾ ಅಂತಾನೆ. ನಾನು ಹೋಗುವುದಿಲ್ಲ.

ಆ ಕಡೆಯಿಂದ ಅಣ್ಣ ಕೇಳಿದ.

"ಈಗ ಏನಂದಿ? ನನಗ ತಿಳೀಬಾರದಂಥಾದ್ದು ಏನೈತಿ ಅದರಾಗ?"

"ಏನಿಲ್ಲಣ್ಣಾ. ಸೈಕಲ್ಲಿನ ಮಾತು."

ಅವನು ನಂಬಲಿಲ್ಲ.