ಬೆರಳು ತೋರಿಸಿದ ಶಿವನಂಜಮ್ಮ

ಶಿವನಸಮುದ್ರದಲ್ಲಿ ಬಸ್ಸು ನಿಲ್ಲುವ ಕಡೆ, ಮಳೆಗಾಲವಿಡೀ ಹುತ್ತದ ಅಣಬೆ ಮಾರುತ್ತಿದ್ದವಳು ಶಿವನಂಜಮ್ಮ. ಗಂಡ ಹೋದ ಮೇಲೆ ಆ ಬುಟ್ಟಿಯೇ ಅವಳಿಗೆ ಆಸರೆ. ಕರೆಂಟು ಕಾಲೋನಿಯ ಹೆಂಗಸರು ಅವಳಿಗಾಗಿ ಬಾಗಿಲಲ್ಲೇ ಕಾಯುತ್ತಿದ್ದರು.

ಎಪ್ಪತ್ತಮೂರರ ಮಳೆಗಾಲದಲ್ಲಿ ಜಲಪಾತದ ಬಳಿ ಬೀಡುಬಿಟ್ಟ ಹಿಪ್ಪಿಗಳು ಮಾತ್ರ ಸಗಣಿಯ ಮೇಲೇಳುವ ಅಣಬೆಯನ್ನೇ ಬೇಡಿದರು. ತಿಂದರೆ ಅಮಲೇರಿ ಬಂಡೆಗಳೂ ಉಸಿರಾಡುವುದು ಕಾಣುತ್ತದಂತೆ.

"ನಾಯಿ ಮೂಸದ್ದು ಇವುಕ್ಕೆ ಅಬ್ಬದೂಟ ಕಣಮ್ಮ!" ಎಂದು ಕಾಲೋನಿಯ ಹೆಂಗಸರೆದುರು ನಗುತ್ತಲೇ ಅವಳು ಆರಿಸಿ ತಂದು ಮಾರಿದಳು.

ಸುದ್ದಿ ಠಾಣೆ ಮುಟ್ಟಿತು. ಪೇದೆ ಮಹದೇವಯ್ಯ ಬಂದು, "ಆ ಅಣ್ಬೆ ಮುಟ್ಟೀಯೆ, ಜ್ವಾಕೆ!" ಎಂದು ಗದರಿದ. ಅವಳು ಬಿಟ್ಟಳು. ಹಿಪ್ಪಿಗಳ ಆಸೆ ಬಿಡಲಿಲ್ಲ. ಹರುಕುಮುರುಕು ಕನ್ನಡ ಕಲಿತಿದ್ದ ಪೀಟರ್ ಎಂಬವನು, "ಅಮ್ಮ, ಎಲ್ಲಿ? ಯಾವುದು?" ಎಂದು ಬೆನ್ನು ಹತ್ತಿದ. ಅಣಬೆಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂಬುದು ಆ ಸೀಮೆಯ ನಂಬಿಕೆ. ಅವಳು ಗೋಮಾಳದತ್ತ ಗದ್ದ ಆಡಿಸಿದಳು, ಅಷ್ಟೆ. ಅವನು ಆ ದಿಕ್ಕಿಗೇ ಹೋಗಿ, ಅದೇ ಇರಬೇಕೆಂದು ಬೇಲಿಯಡಿಯ ಬಿಳಿಯ ವಿಷದಣಬೆ ಕಿತ್ತು ತಿಂದ.

ವಾಂತಿಭೇದಿಯಿಂದ ನಿತ್ರಾಣನಾದವನನ್ನು ಲಾರಿಯಲ್ಲಿ ಮಳವಳ್ಳಿಗೆ ಸಾಗಿಸಿದರು. ಜೀವ ಉಳಿಯಿತು. ಮಹದೇವಯ್ಯ ಬಂದವನೇ ಬುಟ್ಟಿ ಕಿತ್ತುಕೊಂಡ.

"ಇನ್ಮ್ಯಾಕೆ ಯಾವ ಅಣ್ಬೆನೂ ಮಾರಂಗಿಲ್ಲ."

"ಉತ್ತದ್ ಅಣ್ಬೆನೂವೆ? ಅಂಗಾದ್ರೆ ನಾನೇನ್ ತಿನ್ಲಪ್ಪ, ಮಣ್ಣಾ? ನಾನು ಆರಿಸ್ಕೊಡೋವಾಗ ಒಬ್ಬರಾದ್ರೂ ಆಸ್ಪತ್ರೆ ಕಂಡ್ರಾ? ನೀನು ಬ್ಯಾಡ ಅಂದೆ, ಅವು ಕದ್ದು ಕಿತ್ಕಂಡು ತಿಂದೊ." ಅವಳ ದನಿ ತಗ್ಗಿತು. "ನಂದೂ ತಪ್ಪದೆ. ಬೆರಳು ತೋರುಸ್ನಿಲ್ಲ ನಾನು."

 ಪೇದೆಯ ಅವ್ವನೂ ಕೊಳೆತೀತೆಂದು ಎಳೆ ಸೌತೆಕಾಯಿಗೆ ಬೆರಳು ಮಡಿಸಿ ತೋರಿಸುತ್ತಿದ್ದವಳೇ.

"ಗಾಂಜಾ ಆದ್ರೆ ಕಾಯ್ದೆ ಅದೆ. ಅಣ್ಬೆಗೆ ಯಾವ ಸೆಕ್ಸನ್ ಆಕ್ಲಿ?" ಎಂದು ಗೊಣಗಿದ.

"ಆಕೋದು ಆಮ್ಯಾಕೆ. ಆ ಉಡುಗ್ರನ್ನ ಕರ್ಕಂಡು ಬಾ."

ಹಿಪ್ಪಿಗಳು ಅವರ ಹಿಂದೆ ಗೋಮಾಳಕ್ಕೆ ನಡೆದರು. ಬೇಲಿಯ ಬಳಿ ಶಿವನಂಜಮ್ಮ ಒಂದು ಗಳಿಗೆ ತಡೆದಳು. ಆಮೇಲೆ ಆ ಬಿಳಿ ಅಣಬೆಗೆ ನೇರವಾಗಿ ತೋರುಬೆರಳು ನೀಡಿ, "ಇದ ತಿಂದ್ರೆ ಸಾಯ್ತೀರಿ," ಎಂದಳು.

"ತೋರಿಸ್ಬುಟ್ಟಲ್ಲವ್ವ!" ಎಂದ ಮಹದೇವಯ್ಯ.

"ಕೊಳೀಲಿ ಬುಡು. ಇದು ಕೊಳೆತ್ರೆ ಯಾರಪ್ಪನ ಗಂಟು ಓಯ್ತದೆ?"

ಪೇದೆ ನಕ್ಕುಬಿಟ್ಟ. "ಸಗಣಿದು ಮಾರಬ್ಯಾಡ. ಕೇಳ್ದೋರಿಗೆ ವಿಸದ್ದು ಯಾವ್ದು ಅಂತ ಮಾತ್ರ ತೋರ್ಸು," ಎಂದು ಬುಟ್ಟಿ ಕೊಟ್ಟ.

ಮರುವಾರ ಮಳವಳ್ಳಿ ಬಸ್ಸಿನಿಂದ ಪೀಟರ್ ಇಳಿದಾಗ ಅವಳ ಹುತ್ತದ ಅಣಬೆಯ ಬುಟ್ಟಿ ಆಗಲೇ ಅರ್ಧ ಖಾಲಿ. ಉಳಿದದ್ದನ್ನು ಅವಳು ಮಾರಲಿಲ್ಲ. ಅವನನ್ನು ಗುಡಿಸಲಿಗೆ ಕರೆದೊಯ್ದು, ಅದರದೇ ಸಾರು ಮಾಡಿ, ಅವನ ಮುಂದೆ ಬಿಸಿ ಮುದ್ದೆ ಇಟ್ಟಳು.